ಪ್ರಕಟವಾಗದ ಹಸ್ತಪ್ರತಿಗೆ ಕಡಿಮೆ ಖರ್ಚಿನಲ್ಲಿ ಫೀಡ್‌ಬ್ಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿಯೋ, ಕಥಾಸಂಕಲನವೋ, ಅನುಭವ ಕಥನವೋ ಬರೆದು ಮುಗಿಸಿದ್ದೀರಿ. ಪ್ರಕಾಶಕರಿಗೆ ಕಳಿಸುವ ಮೊದಲು ಯಾರಾದರೂ ಓದಿ ಮುಲಾಜಿಲ್ಲದೆ ಹೇಳಲಿ ಅಂತ ಆಸೆ. ಆದರೆ ವೃತ್ತಿಪರ ಎಡಿಟರ್ ಕೇಳುವ ಮೊತ್ತ ನೋಡಿದರೆ ಗಾಬರಿಯಾಗುತ್ತದೆ. ಇಂಥ ಬರಹಗಾರರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏನು ತಿಳಿದುಕೊಳ್ಳಬೇಕು ಅಂತ ತೀರ್ಮಾನಿಸದೆ ಇಡೀ ಹಸ್ತಪ್ರತಿಯನ್ನು ಯಾರದೋ ಕೈಗೆ ಕೊಟ್ಟಾಗಲೇ ದುಡ್ಡು ಜಾಸ್ತಿ ಹೋಗುವುದು. ಪ್ರಶ್ನೆ ಸ್ಪಷ್ಟವಾಗಿದ್ದರೆ ಉತ್ತರದ ಬಹುಪಾಲು ಪುಕ್ಕಟೆಯಾಗಿಯೇ ಸಿಗುತ್ತದೆ.

ಬರೆದು ಮುಗಿಸಿದ ತಕ್ಷಣ ಯಾರಿಗಾದರೂ ಓದಲು ಕೊಡಬಹುದಾ?

ಕೊಡಬೇಡಿ. ಮುಂದೇನಾಗುತ್ತದೆ ಅಂತ ಗೊತ್ತಿಲ್ಲದೆ ಓದುವ ಓದು ಒಬ್ಬ ಓದುಗನಿಂದ ಒಂದೇ ಸಲ ಸಿಗುತ್ತದೆ. ನಿಮಗೆ ಈಗಾಗಲೇ ಗೊತ್ತಿರುವ ದೋಷಗಳನ್ನು ಹೇಳಿಸಿಕೊಳ್ಳಲು ಅದನ್ನು ಖರ್ಚು ಮಾಡುವುದು ಶುದ್ಧ ನಷ್ಟ. 'ಎಂಟನೇ ಅಧ್ಯಾಯ ಎಳೆದಾಡುತ್ತದೆ, ಗೊತ್ತು, ಆಮೇಲೆ ಸರಿ ಮಾಡ್ತೀನಿ' ಅಂತ ಮನಸ್ಸಿನಲ್ಲಿದ್ದರೆ, ಅದನ್ನು ಸರಿ ಮಾಡಿಯೇ ಕೊಡಿ.

ಕೆಲವು ವಾರ ಹಸ್ತಪ್ರತಿಯನ್ನು ಮುಚ್ಚಿಡಿ. ಆಮೇಲೆ ಬೇರೆ ರೂಪದಲ್ಲಿ ಓದಿ. ಫಾಂಟ್ ಬದಲಿಸಿ, ಪ್ರಿಂಟ್ ತೆಗೆಯಿರಿ, ಇಲ್ಲವೇ ಫೋನಿಗೆ ಹಾಕಿಕೊಳ್ಳಿ. ಕಣ್ಣಿಗೆ ರೂಢಿಯಾದ ಸಾಲುಗಳು ಪುಟದಲ್ಲಿ ಜಾಗ ಬದಲಿಸಿದ ಕೂಡಲೇ ಬೇರೆಯವರು ಬರೆದ ಹಾಗೆ ಕಾಣುತ್ತವೆ. ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಫೋನು, ಕಂಪ್ಯೂಟರುಗಳಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಇರುತ್ತದೆ. ನೀವೇ ಓದಿಕೊಂಡರೆ ನಿಮ್ಮ ದನಿ ವಾಕ್ಯದಲ್ಲಿ ಇಲ್ಲದ ಭಾವವನ್ನೂ ತುಂಬಿಬಿಡುತ್ತದೆ. ಯಂತ್ರ ಆ ಉಪಕಾರ ಮಾಡುವುದಿಲ್ಲ. ಸೊರಗಿದ ಸಾಲು ಸೊರಗಿದ ಹಾಗೇ ಕೇಳಿಸುತ್ತದೆ.

ಇನ್ನೊಂದು ಕೆಲಸ ಇದೆ. ಪ್ರತಿ ಅಧ್ಯಾಯಕ್ಕೂ ಒಂದೇ ಒಂದು ಸಾಲು ಬರೆಯಿರಿ: 'ಈ ಅಧ್ಯಾಯ ಶುರುವಾದಾಗ ಹೀಗಿತ್ತು, ಮುಗಿದಾಗ ಹೀಗಾಯಿತು.' ಏನೂ ಬದಲಾಗದ ಅಧ್ಯಾಯಗಳು ತಾವಾಗಿಯೇ ಎದ್ದು ಕಾಣುತ್ತವೆ. ಎರಡು ಅಧ್ಯಾಯಗಳ ಸಾಲು ಒಂದೇ ಥರ ಬಂದರೆ ಅವುಗಳಲ್ಲಿ ಒಂದು ಬೇಕಾಗಿಲ್ಲ. ದುಡ್ಡು ತೆಗೆದುಕೊಳ್ಳುವ ಎಡಿಟರ್ ಕೂಡ ಮೊದಲು ಮಾಡುವುದು ಹೆಚ್ಚು ಕಡಿಮೆ ಇದನ್ನೇ.

ಫೀಡ್‌ಬ್ಯಾಕ್, ಎಡಿಟಿಂಗ್, ಪ್ರೂಫ್ ರೀಡಿಂಗ್ ಎಲ್ಲ ಒಂದೇ ಅಲ್ವಾ?

ಅಲ್ಲ. ಈ ಗೊಂದಲದಿಂದಲೇ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಕಥೆಯ ಕಟ್ಟು, ಪಾತ್ರ, ವೇಗ, ಯಾರ ಕಣ್ಣಿನಿಂದ ಹೇಳುತ್ತಿದ್ದೀರಿ ಅನ್ನುವುದನ್ನೆಲ್ಲ ನೋಡುವುದು ರಚನೆಯ ಎಡಿಟಿಂಗ್. ವಾಕ್ಯಗಳ ಓಟ, ಪದಗಳ ಆಯ್ಕೆ ನೋಡುವುದು ಲೈನ್ ಎಡಿಟಿಂಗ್. ವ್ಯಾಕರಣ, ಹೆಸರು, ದಿನಾಂಕ, ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಬದಲಾಗಿದೆಯಾ ಅಂತ ನೋಡುವುದು ಕಾಪಿ ಎಡಿಟಿಂಗ್. ಪುಟ ಕಟ್ಟಿದ ಮೇಲೆ ಉಳಿದ ಅಕ್ಷರ ತಪ್ಪು ಹಿಡಿಯುವುದು ಪ್ರೂಫ್ ರೀಡಿಂಗ್. ಇವುಗಳ ಜೊತೆಗೆ ಹಸ್ತಪ್ರತಿ ವಿಮರ್ಶಾ ವರದಿ ಅಂತ ಒಂದಿದೆ. ಅದರಲ್ಲಿ ಎಡಿಟರ್ ಫೈಲಿನಲ್ಲಿ ಏನೂ ತಿದ್ದುವುದಿಲ್ಲ. ಪೂರ್ತಿ ಓದಿ ಕೆಲವು ಪುಟಗಳ ವರದಿ ಬರೆದು ಕೊಡುತ್ತಾರೆ.

ಮೊದಲ ನಾಲ್ಕನ್ನು ಇದೇ ಕ್ರಮದಲ್ಲಿ ಮಾಡಿಸಬೇಕು. ಮೂರು ಅಧ್ಯಾಯ ಕಿತ್ತು ಹಾಕಬೇಕಾದ ಕಾದಂಬರಿಗೆ ಪ್ರೂಫ್ ರೀಡಿಂಗ್ ಮಾಡಿಸುವುದು, ಒಡೆಯಬೇಕಾದ ಗೋಡೆಗೆ ಸುಣ್ಣ ಬಳಿದ ಹಾಗೆ. ಪ್ರಕಾಶಕರಿಗೆ ಕಳಿಸುವ ಯೋಚನೆ ಇದ್ದರೆ ಕಾಪಿ ಎಡಿಟಿಂಗ್, ಪ್ರೂಫ್ ರೀಡಿಂಗ್‌ಗೆ ನೀವು ದುಡ್ಡು ಹಾಕುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಪುಸ್ತಕ ಒಪ್ಪಿದ ಮೇಲೆ ಆ ಕೆಲಸ ಪ್ರಕಾಶಕರದು. ಓದಲು ಅಡ್ಡಿಯಾಗದಷ್ಟು ಶುದ್ಧವಾಗಿದ್ದರೆ ಸಾಕು. ನೀವೇ ಪ್ರಕಟಿಸುವುದಾದರೆ ಲೆಕ್ಕ ಬೇರೆ.

ಒಂದು ಪೈಸೆಯೂ ಖರ್ಚಿಲ್ಲದೆ ಒಳ್ಳೆ ಅಭಿಪ್ರಾಯ ಸಿಗುತ್ತದಾ?

ಸಿಗುತ್ತದೆ. ದುಡ್ಡಿನ ಬದಲು ನಿಮ್ಮ ಸಮಯ ಹೋಗುತ್ತದೆ, ಅಷ್ಟೆ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ದಾರಿ ಹಸ್ತಪ್ರತಿ ಅದಲು ಬದಲು. ನಿಮ್ಮ ಹಾಗೇ ಒಂದು ಪುಸ್ತಕ ಮುಗಿಸಿ ಕೂತಿರುವ ಇನ್ನೊಬ್ಬರನ್ನು ಹುಡುಕಿ. ಅವರದ್ದನ್ನು ನೀವು ಓದಿ, ನಿಮ್ಮದನ್ನು ಅವರು ಓದಲಿ. ಬೇರೆಯವರ ಬರಹದಲ್ಲಿ ದೋಷ ಹುಡುಕಿ, ಅದು ಯಾಕೆ ದೋಷ ಅಂತ ಮಾತಿನಲ್ಲಿ ಹೇಳಬೇಕಾದಾಗ ನಿಮ್ಮ ಕಣ್ಣೂ ಚುರುಕಾಗುತ್ತದೆ. ಅರ್ಧ ಲಾಭ ಅಲ್ಲೇ ಬಂತು. ಮೊದಲು ಹತ್ತಿಪ್ಪತ್ತು ಪುಟ ಬದಲಿಸಿಕೊಂಡು ನೋಡಿ. ಹೊಂದಿಕೆಯಾದರೆ ಪೂರ್ತಿ ಕೊಡಿ. ಆಗದಿದ್ದರೆ ಇಬ್ಬರಿಗೂ ನೋವಿಲ್ಲದೆ ಅಲ್ಲಿಗೇ ಬಿಡಬಹುದು.

ಹೀಗೆ ಓದುವವರು ಇನ್ನೂ ಇದ್ದಾರೆ. ಗ್ರಂಥಾಲಯಗಳ ಓದುಗರ ಬಳಗ, ಸಾಹಿತ್ಯ ಓದುವ ವಿದ್ಯಾರ್ಥಿಗಳು, ಎಡಿಟಿಂಗ್ ಕಲಿಯುತ್ತಾ ಅಭ್ಯಾಸಕ್ಕೆ ಹಸ್ತಪ್ರತಿ ಹುಡುಕುತ್ತಿರುವವರು. ನಿಮ್ಮ ಕಥೆ ಯಾವ ಲೋಕದ್ದೋ ಆ ಲೋಕದವರನ್ನು ಮರೆಯಬೇಡಿ. ಆಸ್ಪತ್ರೆಯ ಕಥೆಗೆ ಒಬ್ಬ ನರ್ಸ್, ಕೋರ್ಟಿನ ಕಥೆಗೆ ಒಬ್ಬ ವಕೀಲರು. ಇವರಿಗೆ ಇಡೀ ಪುಸ್ತಕ ಬೇಡ. ಸಂಬಂಧಪಟ್ಟ ಅಧ್ಯಾಯಗಳನ್ನು ಮಾತ್ರ ಕೊಟ್ಟು 'ಎಲ್ಲಿ ನಗು ಬಂತು, ಎಲ್ಲಿ ಹೀಗೆಲ್ಲ ಆಗುವುದೇ ಇಲ್ಲ ಅನಿಸಿತು' ಅಂತ ಕೇಳಿ.

ಇಂಟರ್‌ನೆಟ್‌ನಲ್ಲಿ ಸ್ಕ್ರೈಬೋಫೈಲ್, ಕ್ರಿಟೀಕ್ ಸರ್ಕಲ್ ಥರದ ತಾಣಗಳಿವೆ. ಬೇರೆಯವರ ಬರಹಕ್ಕೆ ಅಭಿಪ್ರಾಯ ಬರೆದರೆ ಅಂಕ ಸಿಗುತ್ತದೆ, ಆ ಅಂಕ ಕೊಟ್ಟು ನಿಮ್ಮದನ್ನು ಹಾಕಬಹುದು. ಅಲ್ಲಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಬೇರೆ ಭಾಷೆಯಲ್ಲಿ ಬರೆಯುವವರು ತಾಣವನ್ನಲ್ಲದಿದ್ದರೂ ಆ ನಿಯಮವನ್ನು ತಮ್ಮ ಗುಂಪಿಗೆ ತಂದುಕೊಳ್ಳಬಹುದು: ಓದದವರ ಬರಹವನ್ನು ಯಾರೂ ಓದಬೇಕಿಲ್ಲ.

ಮನೆಯವರು, ಸ್ನೇಹಿತರು ಓದಿದರೆ ಸಾಲದಾ?

'ಚೆನ್ನಾಗಿದೆ' ಅನ್ನುತ್ತಾರೆ. ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಆದರೆ ಅವರನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಅವರ ಅಭಿಪ್ರಾಯಕ್ಕಿಂತ ಅವರು ಏನು ಮಾಡಿದರು ಅನ್ನುವುದನ್ನು ಕೇಳಿ. ಎಲ್ಲಿ ಓದು ನಿಲ್ಲಿಸಿ ಎದ್ದು ಹೋದರು? ಎಷ್ಟು ದಿನ ಬಿಟ್ಟು ಮತ್ತೆ ಹಿಡಿದರು? ಯಾವ ಪುಟದಿಂದ ಮುಂದೆ ಒಂದೇ ಬೀಸಿಗೆ ಓದಿದರು? ಪ್ರೀತಿಯಿಂದ ಸುಳ್ಳು ಹೇಳುವವರೂ 'ನಲವತ್ತನೇ ಪುಟದ ಹತ್ತಿರ ನಿದ್ದೆ ಬಂತು, ಅವತ್ತು ಸುಸ್ತಾಗಿತ್ತು' ಅಂತ ನಿಜವನ್ನೇ ಹೇಳುತ್ತಾರೆ. ಸುಸ್ತಿನ ಮಾತು ಬಿಡಿ. ನಲವತ್ತನೇ ಪುಟವನ್ನು ಗುರುತು ಹಾಕಿಕೊಳ್ಳಿ.

ಇನ್ನೊಂದು ಪರೀಕ್ಷೆ ಇದೆ. ಓದಿ ಒಂದು ವಾರ ಆದ ಮೇಲೆ, ಪುಸ್ತಕ ನೋಡದೆ ಕಥೆ ಹೇಳಲು ಕೇಳಿ. ಅವರು ಮರೆತ ಪಾತ್ರ, ಹಿಂದೆ ಮುಂದೆ ಮಾಡಿದ ಘಟನೆ, ನೀವು ಮುಖ್ಯ ಅಂದುಕೊಂಡಿದ್ದರೂ ಅವರ ಬಾಯಲ್ಲಿ ಬಾರದ ತಿರುವು, ಎಲ್ಲವೂ ಮಾಹಿತಿಯೇ. ಮಧ್ಯೆ ಬಾಯಿ ಹಾಕಿ ಸರಿಪಡಿಸಬೇಡಿ.

ಓದುಗರಿಗೆ ಏನಂತ ಪ್ರಶ್ನೆ ಕೇಳಬೇಕು?

'ಹೇಗಿದೆ?' ಅಂತ ಮಾತ್ರ ಕೇಳಬೇಡಿ. ಅದಕ್ಕೆ ಬರುವ ಉತ್ತರ ಮರ್ಯಾದೆಯದ್ದು. ಓದುಗರು ತೀರ್ಪುಗಾರರಾಗಬೇಕಿಲ್ಲ. ಓದುತ್ತಾ ಹೋದ ಹಾಗೆ ತಮ್ಮೊಳಗೆ ಏನಾಯಿತು ಅಂತ ವರದಿ ಕೊಟ್ಟರೆ ಸಾಕು. ಅದಕ್ಕೆ ಸಾಹಿತ್ಯದ ಜ್ಞಾನವೂ ಬೇಡ.

ಎಲ್ಲಕ್ಕಿಂತ ಸುಲಭದ ಉಪಾಯ ಅಂಚಿನ ಗುರುತು. ಹಸ್ತಪ್ರತಿಯ ಜೊತೆ ನಾಲ್ಕು ಅಕ್ಷರ ಹೇಳಿಕೊಡಿ: ಬೇಜಾರಾದರೆ 'ಬೇ', ಗೊಂದಲವಾದರೆ 'ಗೊ', ನಂಬಲು ಆಗದಿದ್ದರೆ 'ನಂ', ಇಷ್ಟವಾದರೆ 'ಇ'. ಕಾರಣ ಬರೆಯಬೇಕಾಗಿಲ್ಲ. ಕಾರಣ ಬರೆಯಬೇಕು ಅಂದ ತಕ್ಷಣ ಓದುಗರು ಯೋಚಿಸಲು ಶುರು ಮಾಡುತ್ತಾರೆ, ಓದು ಕೆಡುತ್ತದೆ. ನಾಲ್ಕು ಜನರ ಪ್ರತಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿ 'ಬೇ' ಗುಂಪು ಕಟ್ಟಿದೆ ಅಂತ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಇಷ್ಟವಾದ ಜಾಗದ ಗುರುತನ್ನು ಸುಮ್ನೆ ಸಮಾಧಾನಕ್ಕೆ ಅಂದುಕೊಳ್ಳಬೇಡಿ. ತಿದ್ದುವ ಭರದಲ್ಲಿ ಬರಹಗಾರರು ಕೆಡಿಸುವುದು ಬಹಳ ಸಲ ಆ ಜಾಗಗಳನ್ನೇ.

ಓದಿ ಮುಗಿದ ಮೇಲೆ ಕೇಳಲು ಕೆಲವು ಪ್ರಶ್ನೆಗಳು:

- ಕಥೆ ಯಾರದು ಅಂತ ಯಾವ ಪುಟದಲ್ಲಿ ಗೊತ್ತಾಯಿತು?
- ಅರ್ಧ ಓದಿದಾಗ ಮುಂದೆ ಏನಾಗಬಹುದು ಅಂದುಕೊಂಡಿದ್ದಿರಿ? ಅದೇ ಆಯಿತಾ?
- ಯಾವ ಇಬ್ಬರು ಪಾತ್ರಗಳ ಹೆಸರು ಅದಲು ಬದಲಾಯಿತು?
- ಹತ್ತು ಪುಟ ಕಿತ್ತು ಹಾಕಲೇಬೇಕು ಅಂದರೆ ಯಾವ ಹತ್ತು?
- ಕೊನೆಯ ಅಧ್ಯಾಯ ಮುಗಿದಾಗ ಇನ್ನೂ ಉತ್ತರ ಸಿಗದ ಪ್ರಶ್ನೆ ಯಾವುದು?

ಈ ಪ್ರಶ್ನೆಗಳನ್ನು ಓದುವ ಮೊದಲೇ ಕೊಡಬೇಡಿ. 'ಯಾವ ಹೆಸರು ಗೊಂದಲವಾಯಿತು' ಅಂತ ಮೊದಲೇ ಗೊತ್ತಿದ್ದರೆ ಹೆಸರುಗಳನ್ನೇ ಹಿಡಿದು ಕೂರುತ್ತಾರೆ. ಗುರುತಿನ ಪದ್ಧತಿ ಮಾತ್ರ ಮೊದಲು ಹೇಳಿ.

ಎಷ್ಟು ಜನ ಓದಿದರೆ ಸಾಕು?

ಒಂದು ಸುತ್ತಿಗೆ ಮೂರರಿಂದ ಐದು ಜನ. ಒಬ್ಬರೇ ಆದರೆ ಅವರ ಅಭಿರುಚಿ ಯಾವುದು, ಪುಸ್ತಕದ ದೋಷ ಯಾವುದು ಅಂತ ಬೇರ್ಪಡಿಸಲು ಆಗುವುದಿಲ್ಲ. ಹತ್ತು ಜನ ಆದರೆ ಮಾತುಗಳೇ ಜಾಸ್ತಿಯಾಗಿ ತಲೆ ಕೆಡುತ್ತದೆ. ಎಲ್ಲರಿಗೂ ಒಟ್ಟಿಗೆ ಕೊಡಬೇಡಿ ಅನ್ನುವುದು ಇದಕ್ಕಿಂತ ಮುಖ್ಯ. ಮೊದಲ ಸುತ್ತಿನವರು ಹೇಳಿದ್ದನ್ನು ತಿದ್ದಿ, ಹೊಸ ರೂಪವನ್ನು ಇನ್ನೂ ಓದದವರಿಗೆ ಕೊಡಿ. ತಿದ್ದಿದ್ದು ಕೆಲಸ ಮಾಡಿತಾ ಅಂತ ಅವರಿಂದ ಮಾತ್ರ ತಿಳಿಯುತ್ತದೆ. ಹಳೆಯ ಓದುಗರಿಗೆ ಹಳೆಯ ರೂಪ ನೆನಪಿರುತ್ತದೆ.

ಬರಹಗಾರರ ಗುಂಪು ಕಟ್ಟಿಕೊಂಡರೆ ಹೇಗೆ ನಡೆಸುವುದು?

ನಾಲ್ಕರಿಂದ ಆರು ಜನ ಸಾಕು. ಬರಹ ಸಭೆಗೆ ಒಂದು ವಾರ ಮೊದಲೇ ಎಲ್ಲರ ಕೈ ಸೇರಬೇಕು. ಒಂದು ಸಲಕ್ಕೆ ಮೂರು, ನಾಲ್ಕು ಸಾವಿರ ಪದ ಮೀರಬಾರದು. ಇಷ್ಟು ನಿಯಮ ಇಲ್ಲದಿದ್ದರೆ ಗುಂಪು ಕೆಲವೇ ತಿಂಗಳಲ್ಲಿ ಹರಟೆಯ ಕೂಟವಾಗುತ್ತದೆ.

ಮಾತಿನ ಕ್ರಮಕ್ಕೆ ಎರಡು ಹೆಸರಾದ ಪದ್ಧತಿಗಳಿವೆ. ಅಮೆರಿಕದ ಮಿಲ್‌ಫರ್ಡ್ ಎಂಬ ಊರಿನಲ್ಲಿ 1956ರಲ್ಲಿ ವಿಜ್ಞಾನ ಕಥೆಗಾರರ ಶಿಬಿರ ಶುರುವಾಯಿತು. ಅಲ್ಲಿಂದ ಹರಡಿದ್ದು ಮಿಲ್‌ಫರ್ಡ್ ಪದ್ಧತಿ. ಎಲ್ಲರೂ ಸುತ್ತಲೂ ಕೂತು, ಒಬ್ಬೊಬ್ಬರಾಗಿ ಕೆಲವೇ ನಿಮಿಷ ಮಾತಾಡುತ್ತಾರೆ. ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಬರೆದವರು ಕೊನೆಯವರೆಗೆ ಸುಮ್ಮನಿರಬೇಕು. ಎಲ್ಲರ ಮಾತು ಮುಗಿದ ಮೇಲೆ ಮಾತ್ರ ಅವರ ಸರದಿ. ಬರೆದವರು ಎದ್ದು ನಿಂತು ಪುಸ್ತಕದ ಪರ ವಾದ ಮಾಡುವುದು ಇದರಿಂದ ತಪ್ಪುತ್ತದೆ. ಅದೇ ಇದರ ದೊಡ್ಡ ಗುಣ. ಪುಸ್ತಕದ ಜೊತೆ ನೀವು ಓದುಗರ ಮನೆಗೆ ಹೋಗಿ ವಿವರಿಸಲು ಆಗುವುದಿಲ್ಲವಲ್ಲ.

ಆದರೆ ಇದರಲ್ಲಿ ಒಂದು ತೊಂದರೆ ಇದೆ. ಮೊದಲು ಮಾತಾಡಿದವರು ಗಟ್ಟಿಗರಾದರೆ ಉಳಿದವರು ಅವರ ಹಿಂದೆಯೇ ಹೋಗುತ್ತಾರೆ. ಹೊಸಬರು ನಲುಗಿ ಹೋಗುತ್ತಾರೆ. ಇದಕ್ಕೆ ಬೇರೆ ದಾರಿ ತೋರಿಸಿದವರು ನೃತ್ಯ ಸಂಯೋಜಕಿ ಲಿಜ್ ಲೆರ್ಮನ್. ಅವರು 1990ರಲ್ಲಿ ರೂಪಿಸಿದ ಪದ್ಧತಿ ಈಗ ಬರಹಗಾರರಲ್ಲೂ ಬಳಕೆಯಲ್ಲಿದೆ. ಮೊದಲು ಎಲ್ಲರೂ ತಮಗೆ ಏನು ತಟ್ಟಿತು, ಏನು ನೆನಪಿನಲ್ಲಿ ಉಳಿಯಿತು ಅಂತ ಹೇಳುತ್ತಾರೆ. ಆಮೇಲೆ ಬರೆದವರೇ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ಓದುಗರು ಬರೆದವರನ್ನು ಪ್ರಶ್ನೆ ಕೇಳುತ್ತಾರೆ, ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ಅಡಗಿರಬಾರದು. 'ಅಪ್ಪನ ಪಾತ್ರ ಯಾಕೆ ಇಷ್ಟು ಪೇಲವ?' ಅನ್ನುವಂತಿಲ್ಲ. 'ಅಪ್ಪನ ಬಗ್ಗೆ ಓದುಗರಿಗೆ ಏನನಿಸಬೇಕು ಅಂತ ನಿಮ್ಮ ಮನಸ್ಸಿನಲ್ಲಿತ್ತು?' ಅನ್ನಬಹುದು. ಕೊನೆಯಲ್ಲಿ, 'ಅಪ್ಪನ ಪಾತ್ರದ ಬಗ್ಗೆ ಒಂದು ಅಭಿಪ್ರಾಯ ಇದೆ, ಹೇಳಲಾ?' ಅಂತ ಕೇಳಿ, ಬರೆದವರು ಹೂಂ ಅಂದರೆ ಮಾತ್ರ ಹೇಳಬೇಕು. ಕೇಳಲು ನಾಟಕೀಯ ಅನಿಸುತ್ತದೆ. ಆದರೆ ಇನ್ನೂ ಅರ್ಧದಲ್ಲಿರುವ ಬರಹಕ್ಕೆ ನನಗೆ ಇದೇ ಮೇಲು. ಮಿಲ್‌ಫರ್ಡ್ ಪದ್ಧತಿ ಮುಗಿದ ಸಣ್ಣಕಥೆಗೆ ಚೆನ್ನಾಗಿ ಒಗ್ಗುತ್ತದೆ.

ಕಾದಂಬರಿ ಬರೆಯುವವರಿಗೆ ಒಂದು ಎಚ್ಚರಿಕೆ. ತಿಂಗಳಿಗೊಂದು ಅಧ್ಯಾಯ ಓದುವ ಗುಂಪು ನಿಮ್ಮ ವಾಕ್ಯಗಳ ಬಗ್ಗೆ ಚೆನ್ನಾಗಿ ಹೇಳುತ್ತದೆ. ಕಥೆಯ ವೇಗದ ಬಗ್ಗೆ ಅದಕ್ಕೆ ಏನೂ ಹೇಳಲಾಗದು. ಹದಿನೈದನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಎರಡನೆಯದು ಯಾರಿಗೂ ನೆನಪಿರುವುದಿಲ್ಲ. ಪೂರ್ತಿ ಒಟ್ಟಿಗೆ ಓದುವ ಒಬ್ಬಿಬ್ಬರು ಗುಂಪಿನ ಹೊರಗೆ ಬೇಕೇ ಬೇಕು.

ಎಡಿಟರ್‌ಗೆ ದುಡ್ಡು ಕೊಡಲೇಬೇಕು ಅಂದುಕೊಂಡಿದ್ದೇನೆ. ಖರ್ಚು ತಗ್ಗಿಸುವುದು ಹೇಗೆ?

ಮೊದಲ ಉಪಾಯ: ಪೂರ್ತಿ ಕೊಡಬೇಡಿ. ಬಹುತೇಕ ಎಡಿಟರ್‌ಗಳ ದರ ಪದಕ್ಕೆ, ಪುಟಕ್ಕೆ ಅಥವಾ ಗಂಟೆಗೆ ಇಷ್ಟು ಅಂತ ಇರುತ್ತದೆ. ಇಂಗ್ಲಿಷ್ ಎಡಿಟಿಂಗ್ ಲೋಕದಲ್ಲಿ ಒಂದು ಪುಟ ಅಂದರೆ ಸಾಮಾನ್ಯವಾಗಿ 250 ಪದ. ಪುಟದ ಲೆಕ್ಕದಲ್ಲಿ ದರ ಹೇಳಿದರೆ ಅವರ ಪುಟಕ್ಕೆ ಎಷ್ಟು ಪದ ಅಂತ ಮೊದಲು ಕೇಳಿ. ನಿಮ್ಮ ಕಾದಂಬರಿ 80,000 ಪದ ಇದ್ದರೆ 250ರ ಲೆಕ್ಕದಲ್ಲಿ 320 ಪುಟ. ಅದರಲ್ಲಿ ಮೊದಲ 10,000 ಪದ ಮತ್ತು ಇಡೀ ಕಥೆಯ ಎರಡು ಪುಟದ ಸಾರಾಂಶ ಕೊಟ್ಟರೆ, ಪದದ ದರದಲ್ಲಿ ಖರ್ಚು ಹೆಚ್ಚು ಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ಮೂರು ಅಧ್ಯಾಯದಲ್ಲಿ ನೀವು ಮಾಡುವ ತಪ್ಪನ್ನೇ ಮೂವತ್ತನೆಯದರಲ್ಲೂ ಮಾಡಿರುತ್ತೀರಿ. ಸಂಭಾಷಣೆಯಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಮಾತಾಡುವುದು, ದೃಶ್ಯ ಮುಗಿದ ಮೇಲೂ ಒಂದು ಪ್ಯಾರಾ ವಿವರಣೆ ಕೊಡುವುದು, ಹೀಗೆ. ಒಂದು ಸಲ ತೋರಿಸಿಕೊಟ್ಟರೆ ಉಳಿದದ್ದನ್ನು ನೀವೇ ತಿದ್ದಬಹುದು.

ಎರಡನೆಯದು, ಕೊಡುವ ಮೊದಲು ಕತ್ತರಿಸಿ. 80,000 ಪದವನ್ನು 70,000ಕ್ಕೆ ಇಳಿಸಿದರೆ ಪದದ ದರದಲ್ಲಿ ನೂರಕ್ಕೆ ಹನ್ನೆರಡೂವರೆ ಉಳಿತಾಯ. ಪುಸ್ತಕವೂ ಸಾಮಾನ್ಯವಾಗಿ ಮೊದಲಿಗಿಂತ ಚೆನ್ನಾಗಿರುತ್ತದೆ. ಗಂಟೆಯ ದರವಾದರೆ ಶುದ್ಧವಾದ ಫೈಲ್ ಕೊಡುವುದೇ ಉಳಿತಾಯ. ಹೆಸರುಗಳ ಪಟ್ಟಿ, ಕಥೆಯ ಕಾಲಾನುಕ್ರಮ, ನೀವು ಬೇಕಂತಲೇ ಬಳಸಿದ ಆಡುಮಾತಿನ ರೂಪಗಳ ಪಟ್ಟಿ ಜೊತೆಗಿಟ್ಟರೆ ಅವರು ಅದನ್ನು ಹುಡುಕುತ್ತಾ ಗಂಟೆ ಕಳೆಯುವುದಿಲ್ಲ.

ಮೂರನೆಯದು, ಎಡಿಟಿಂಗ್ ಬದಲು ವರದಿ ಕೇಳಿ. ಸಾಲು ಸಾಲಾಗಿ ತಿದ್ದುವುದಕ್ಕಿಂತ ಓದಿ ವರದಿ ಬರೆಯುವುದಕ್ಕೆ ಕಡಿಮೆ ಸಮಯ ಸಾಕು, ಹಾಗಾಗಿ ದರವೂ ಕಡಿಮೆ. ಅದಕ್ಕಿಂತಲೂ ಅಗ್ಗದ್ದು ಒಂದು ಗಂಟೆಯ ಮಾತುಕತೆ. ಐವತ್ತು ಪುಟ ಓದಿ, ಫೋನಿನಲ್ಲಿ ಒಂದು ಗಂಟೆ ಮಾತಾಡಲು ಒಪ್ಪುವವರು ಇದ್ದಾರೆ. ಜಾಹೀರಾತಿನಲ್ಲಿ ಇದು ಇರುವುದಿಲ್ಲ, ಕೇಳಬೇಕು. ಕೇಳಲು ಸಂಕೋಚ ಬೇಡ. 'ನನ್ನ ಹತ್ತಿರ ಇಷ್ಟು ಮೊತ್ತ ಇದೆ, ಇದರಲ್ಲಿ ಯಾವ ಕೆಲಸ ಮಾಡಿಕೊಡಬಹುದು?' ಅನ್ನುವ ಪ್ರಶ್ನೆ ಚೌಕಾಸಿಗಿಂತ ಮರ್ಯಾದೆಯದ್ದು, ಫಲವೂ ಜಾಸ್ತಿ. ಕಂತಿನಲ್ಲಿ ಕೊಡುವುದು, ನಿಮಗೆ ಗೊತ್ತಿರುವ ಕೆಲಸವನ್ನು ಪ್ರತಿಯಾಗಿ ಮಾಡಿಕೊಡುವುದು, ಇವೂ ಮಾತಾಡಿ ನೋಡಬಹುದಾದ ದಾರಿಗಳು.

ಯಾರೇ ಆಗಲಿ, ಒಪ್ಪುವ ಮೊದಲು ಕೆಲವು ಪುಟದ ಮಾದರಿ ಕೆಲಸ ನೋಡಿ. ಅವರು ತಿದ್ದಿದ ಮೇಲೆ ಆ ಪುಟಗಳು ನಿಮ್ಮ ದನಿಯಲ್ಲೇ ಇವೆಯಾ, ಅವರ ದನಿಗೆ ತಿರುಗಿವೆಯಾ? ಅವರ ದನಿ ಎಷ್ಟೇ ಚೆನ್ನಾಗಿದ್ದರೂ ಅದು ನಿಮ್ಮ ಪುಸ್ತಕಕ್ಕೆ ಬೇಡ. ಏನು ಕೆಲಸ, ಯಾವ ದಿನಕ್ಕೆ, ಎಷ್ಟು ಮೊತ್ತ, ವರದಿ ಬಂದ ಮೇಲೆ ಪ್ರಶ್ನೆ ಕೇಳಲು ಅವಕಾಶ ಇದೆಯಾ, ಇವೆಲ್ಲ ಬರಹದಲ್ಲಿರಲಿ.

ಮೋಸ ಮಾಡುವವರನ್ನು ಗುರುತಿಸುವುದು ಹೇಗೆ?

ಹೊಗಳಿಕೆಯಿಂದ ಶುರುವಾದರೆ ಹುಷಾರಾಗಿರಿ. ನೀವು ಕಳಿಸದೇ ಇದ್ದ ಹಸ್ತಪ್ರತಿಯನ್ನು ಹೊಗಳುವ ಇ-ಮೇಲ್ ಬಂದರೆ ಅಳಿಸಿಬಿಡಿ. 'ನಮ್ಮ ಎಡಿಟರ್ ಹತ್ತಿರ ತಿದ್ದಿಸಿದರೆ ಮಾತ್ರ ಪ್ರಕಟಿಸುತ್ತೇವೆ' ಅಂತ ದುಡ್ಡು ಕೇಳುವವರು, ಓದಲಿಕ್ಕೇ ಶುಲ್ಕ ಕೇಳುವ ಏಜೆಂಟರು (ಬರಹಗಾರರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವವರು), 'ಖಂಡಿತ ಪ್ರಕಟವಾಗುತ್ತದೆ' ಅಂತ ಮಾತು ಕೊಡುವ ಎಡಿಟರ್‌ಗಳು, ಎಲ್ಲರಿಂದಲೂ ದೂರ ಇರಿ. ಯಾವ ಪ್ರಾಮಾಣಿಕ ಎಡಿಟರೂ ಪ್ರಕಟಣೆಯ ಭರವಸೆ ಕೊಡಲಾರ. ರೈಟರ್ ಬಿವೇರ್ ಅನ್ನುವ ಸ್ವಯಂಸೇವಕರ ತಾಣ 1998ರಿಂದ ಇಂಥ ಮೋಸಗಳ ಬಗ್ಗೆ ಪುಕ್ಕಟೆಯಾಗಿ ಎಚ್ಚರಿಸುತ್ತಿದೆ. ಮೋಸದ ವಿಧಾನಗಳು ಎಲ್ಲ ಭಾಷೆಯಲ್ಲೂ ಒಂದೇ ಥರ ಇರುವುದರಿಂದ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಓದಲು ಕೊಟ್ಟವರು ನನ್ನ ಕಥೆ ಕದ್ದರೆ?

ಈ ಭಯ ಎಲ್ಲರಿಗೂ ಇರುತ್ತದೆ. ಕಳ್ಳತನ ಮಾತ್ರ ಬಹಳ ಅಪರೂಪ. ಕಾಪಿರೈಟ್ ಬಗ್ಗೆ 1886ರಲ್ಲಿ ಸಹಿಯಾದ ಬರ್ನ್ ಒಪ್ಪಂದದಲ್ಲಿ ಈಗ 180ಕ್ಕೂ ಹೆಚ್ಚು ದೇಶಗಳಿವೆ. ಅದರ ಪ್ರಕಾರ ಕೃತಿಯ ಹಕ್ಕು ಬರೆದವರಿಗೆ ತಾನಾಗಿಯೇ ಸಿಗುತ್ತದೆ. ಅದಕ್ಕೆ ನೋಂದಣಿ ಬೇಕಿಲ್ಲ, ಪ್ರಕಟವಾಗಿರಬೇಕು ಅಂತಲೂ ಇಲ್ಲ. ರಕ್ಷಣೆ ಇರುವುದು ನೀವು ಬರೆದ ಮಾತುಗಳಿಗೆ, ಬರೀ ಐಡಿಯಾಗೆ ಅಲ್ಲ. ದಿನಾಂಕ ಇರುವ ಕರಡುಗಳನ್ನು, ಕಳಿಸಿದ ಇ-ಮೇಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ, ಸಾಕು. ಓದಿ ಕೊಡುವ ಸ್ನೇಹಿತರ ಕೈಯಲ್ಲಿ ಗೋಪ್ಯತೆಯ ಕರಾರಿಗೆ ಸಹಿ ಹಾಕಿಸಿದರೆ ಓದುಗರೇ ಸಿಗುವುದಿಲ್ಲ.

ಆದರೂ ಒಂದು ವಿಚಿತ್ರ ಪ್ರಕರಣ ಹೇಳಬೇಕು. 2016ರಿಂದ ಹಲವು ವರ್ಷ ಯಾರೋ ಪ್ರಕಾಶಕರ, ಏಜೆಂಟರ ಹೆಸರಿನಲ್ಲಿ ಸುಳ್ಳು ಇ-ಮೇಲ್ ಕಳಿಸಿ ಸಾವಿರಕ್ಕೂ ಹೆಚ್ಚು ಹಸ್ತಪ್ರತಿ ತರಿಸಿಕೊಂಡಿದ್ದರು. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದವನು ಪ್ರಕಾಶನ ಉದ್ಯಮದಲ್ಲೇ ಕೆಲಸಕ್ಕಿದ್ದವನು. ಮುಂದಿನ ವರ್ಷ ತಪ್ಪೊಪ್ಪಿಕೊಂಡ. ಒಂದನ್ನೂ ಮಾರಿರಲಿಲ್ಲ, ಪ್ರಕಟಿಸಿರಲೂ ಇಲ್ಲ. ಇಂಗ್ಲಿಷಿನ 'ಎಂ' ಅಕ್ಷರದ ಜಾಗದಲ್ಲಿ 'ಆರ್' ಮತ್ತು 'ಎನ್' ಪಕ್ಕಪಕ್ಕ ಇಟ್ಟು ವಿಳಾಸ ಮಾಡಿಕೊಂಡಿದ್ದ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಳಿಸುವ ಮೊದಲು ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿ.

ಕಳ್ಳತನಕ್ಕಿಂತ ನಿಜವಾದ ತೊಂದರೆ ಬೇರೆ. ಎಲ್ಲರೂ ನೋಡುವಂತೆ ಇಂಟರ್‌ನೆಟ್‌ನಲ್ಲಿ ಹಾಕಿದ ಕಥೆಯನ್ನು ಕೆಲವು ಪತ್ರಿಕೆಗಳು, ಸ್ಪರ್ಧೆಗಳು 'ಈಗಾಗಲೇ ಪ್ರಕಟವಾಗಿದೆ' ಅಂತ ತಿರಸ್ಕರಿಸುತ್ತವೆ. ಅಭಿಪ್ರಾಯ ಬೇಕಿದ್ದರೆ ಆಯ್ದವರಿಗೆ ಮಾತ್ರ ಕಾಣುವಂತೆ ಹಂಚಿ.

ಎಐ ಟೂಲ್‌ಗಳನ್ನು ಕೇಳಿದರೆ ಆಗುವುದಿಲ್ಲವಾ? ಪುಕ್ಕಟೆ ಅಲ್ವಾ?

ಕೆಲವು ಕೆಲಸಕ್ಕೆ ಆಗುತ್ತದೆ. ಪದೇ ಪದೇ ಬರುವ ಪದಗಳು, ಮೂರನೇ ಅಧ್ಯಾಯದಲ್ಲಿ ತಂಗಿಯಾಗಿದ್ದವಳು ಒಂಬತ್ತರಲ್ಲಿ ಅಕ್ಕ ಆಗಿರುವುದು, ಘಟನೆಗಳ ದಿನದ ಲೆಕ್ಕ, ಇಂಥದ್ದನ್ನು ಹುಡುಕಲು ಕೇಳಬಹುದು. ಅದು ಹೇಳಿದ್ದನ್ನು ಪುಟ ತೆಗೆದು ನೋಡಿ ಖಚಿತ ಮಾಡಿಕೊಳ್ಳಬೇಕು. ಇಲ್ಲದ್ದನ್ನೂ ಇದೆ ಅಂತ ಧೈರ್ಯವಾಗಿ ಹೇಳುವ ಗುಣ ಅದಕ್ಕಿದೆ. ಹೊಗಳುವ ಚಾಳಿಯೂ ಇದೆ. ಮುಖ್ಯ ಕೊರತೆ ಅಂದರೆ ಅದಕ್ಕೆ ಬೇಜಾರಾಗುವುದಿಲ್ಲ. ನಿಮಗೆ ಬೇಕಿರುವುದು ಬೇಜಾರಾಗಬಲ್ಲ ಓದುಗ. ಫೈಲ್ ಹಾಕುವ ಮೊದಲು, ಅದನ್ನು ಎಐಗೆ ತರಬೇತಿ ಕೊಡಲು ಬಳಸುತ್ತಾರಾ ಅಂತ ಆ ಸೇವೆಯ ನಿಯಮ ಓದಿ. ಬೇರೆಯವರು ನಂಬಿ ಕೊಟ್ಟ ಹಸ್ತಪ್ರತಿಯನ್ನು ಅವರನ್ನು ಕೇಳದೆ ಅಲ್ಲಿಗೆ ಹಾಕಲೇಬೇಡಿ.

ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಅದಕ್ಕೆ ತದ್ವಿರುದ್ಧ. ಯಾರ ಮಾತು ಕೇಳಲಿ?

ಜಾಗ ಮತ್ತು ಪರಿಹಾರ, ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ. ಎಲ್ಲಿ ತೊಂದರೆ ಆಯಿತು ಅನ್ನುವುದರಲ್ಲಿ ಓದುಗರು ಸಾಮಾನ್ಯವಾಗಿ ಸರಿ. ಏನು ಮಾಡಬೇಕು ಅನ್ನುವುದರಲ್ಲಿ ಬಹಳ ಸಲ ತಪ್ಪು. ಒಬ್ಬರು 'ಮದುವೆಯ ದೃಶ್ಯ ಉದ್ದವಾಯಿತು' ಅಂದರು, ಇನ್ನೊಬ್ಬರು 'ಅಲ್ಲಿ ಇನ್ನೂ ವಿವರ ಬೇಕಿತ್ತು' ಅಂದರು ಅಂತಿಟ್ಟುಕೊಳ್ಳಿ. ಮೇಲುನೋಟಕ್ಕೆ ವಿರುದ್ಧ. ಆದರೆ ಇಬ್ಬರೂ ಬೆರಳಿಟ್ಟಿದ್ದು ಒಂದೇ ದೃಶ್ಯದ ಮೇಲೆ. ಬಹುಶಃ ಉದ್ದದ ಪ್ರಶ್ನೆಯೇ ಅಲ್ಲ. ಆ ಮದುವೆ ನಡೆಯಬಾರದು ಅಂತ ಓದುಗರಿಗೆ ಅನಿಸುವಂಥದ್ದು ಮೂವತ್ತು ಪುಟ ಹಿಂದೆ ಆಗಬೇಕಿತ್ತು, ಆಗಿಲ್ಲ. ತೊಂದರೆ ಕಾಣಿಸಿಕೊಂಡ ಪುಟವೇ ತೊಂದರೆ ಹುಟ್ಟಿದ ಪುಟ ಆಗಿರಬೇಕಿಲ್ಲ. 'ಕೊನೆ ನಂಬಲು ಆಗಲಿಲ್ಲ' ಅಂದರೆ ಕೊನೆಯನ್ನು ಮುಟ್ಟುವ ಮೊದಲು ನಡುವಿನ ಅಧ್ಯಾಯಗಳನ್ನು ನೋಡಿ.

ಒಬ್ಬರೇ ಹೇಳಿದ ಮಾತಾದರೆ, ಓದಿದ ಕೂಡಲೇ 'ಹೌದಲ್ಲ' ಅನಿಸಿದರೆ ತೆಗೆದುಕೊಳ್ಳಿ, ಇಲ್ಲವಾದರೆ ಬದಿಗಿಡಿ. ಮೂವರು ಒಂದೇ ಜಾಗ ತೋರಿಸಿದರೆ ನಿಮಗೆ ಒಪ್ಪಿಗೆ ಇಲ್ಲದಿದ್ದರೂ ಅಲ್ಲಿ ಏನೋ ಇದೆ. ಬಹಳ ಸಿಟ್ಟು ಬರಿಸಿದ ಟಿಪ್ಪಣಿಯನ್ನು ಒಂದು ವಾರ ಬಿಟ್ಟು ಮತ್ತೆ ಓದಿ. 'ನಾನಾಗಿದ್ದರೆ ಇದನ್ನು ಪತ್ತೇದಾರಿ ಕಥೆ ಮಾಡುತ್ತಿದ್ದೆ' ಅನ್ನುವಂಥ ಸಲಹೆಗೆ ಮಾತ್ರ ಧನ್ಯವಾದ ಹೇಳಿ ಮರೆತುಬಿಡಿ. ಅವರು ತಮ್ಮ ಪುಸ್ತಕ ಬರೆಯುತ್ತಿದ್ದಾರೆ.

ಅಭಿಪ್ರಾಯ ಕೊಟ್ಟವರಿಗೆ ನನ್ನ ಉದ್ದೇಶ ವಿವರಿಸಬಹುದಾ?

ಬೇಡ. ವಿವರಿಸಿದರೆ ಅವರು ಸುಮ್ಮನಾಗುತ್ತಾರೆ, ಮುಂದೆ ನಿಜ ಹೇಳುವುದಿಲ್ಲ. 'ಯಾವ ಸಾಲಿನಲ್ಲಿ ಹಾಗನಿಸಿತು?' ಅಂತ ಕೇಳಬಹುದು, ಅಷ್ಟೆ.

ಓದ್ತೀನಿ ಅಂದವರು ಎರಡು ತಿಂಗಳಾದರೂ ಓದಿಲ್ಲ. ಏನು ಮಾಡಲಿ?

ಕೊಡುವಾಗಲೇ ಒಂದು ದಿನಾಂಕ ಹೇಳಿ, 'ಆಗದಿದ್ದರೆ ಬೇಜಾರಿಲ್ಲ, ತಿಳಿಸಿದರೆ ಸಾಕು' ಅಂತಲೂ ಸೇರಿಸಿ. ದಿನ ದಾಟಿದರೆ ಒಂದೇ ಸಲ ನೆನಪಿಸಿ: 'ಎಲ್ಲಿವರೆಗೆ ಬಂದಿರಿ? ಅಲ್ಲಿಗೇ ನಿಲ್ಲಿಸಿ, ಅಷ್ಟರ ಬಗ್ಗೆ ಹೇಳಿ.' ಐದರಲ್ಲಿ ಮೂವರು ಹೆಚ್ಚು ಕಡಿಮೆ ಒಂದೇ ಅಧ್ಯಾಯದಲ್ಲಿ ನಿಂತಿದ್ದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಅವರು ಪುಸ್ತಕ ಮುಗಿಸಬೇಕಾಗಿಯೇ ಇಲ್ಲ.

ಕವನ, ಮಕ್ಕಳ ಕಥೆ, ಅನುಭವ ಕಥನಕ್ಕೂ ಇದೇ ನಿಯಮಗಳಾ?

ಸ್ವಲ್ಪ ಬೇರೆ. ಕವನವನ್ನು ಬೇರೆಯವರ ಬಾಯಲ್ಲಿ, ಮೊದಲ ಸಲ ಓದುವಾಗ ಕೇಳಿ. ಅವರು ತಡವರಿಸಿದ ಸಾಲು, ತಪ್ಪು ಜಾಗದಲ್ಲಿ ಉಸಿರು ಎಳೆದ ಸಾಲು ಗುರುತು ಮಾಡಿಕೊಳ್ಳಿ. ಮಕ್ಕಳನ್ನು ಅಭಿಪ್ರಾಯ ಕೇಳಬೇಡಿ. ಓದಿ ಹೇಳುವಾಗ ಅವರ ಕಣ್ಣು ಎಲ್ಲಿ ಬೇರೆ ಕಡೆ ಹೋಗುತ್ತದೆ ನೋಡಿ. ಅನುಭವ ಕಥನದಲ್ಲಿ ಬದುಕಿರುವವರ ಬಗ್ಗೆ ಬರೆದಿದ್ದರೆ, ಸಾಹಿತ್ಯದ ಓದುಗರಷ್ಟೇ ಅಲ್ಲದೆ ಕಾನೂನು ಬಲ್ಲ ಒಬ್ಬರು ಆ ಪುಟಗಳನ್ನು ನೋಡಲಿ. ಖರ್ಚು ಉಳಿಸಬಾರದ ಜಾಗ ಇದೊಂದು.

ಫೈಲ್ ಹೇಗೆ ಕಳಿಸಬೇಕು?

ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದು, 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಎರಡರಷ್ಟು ಜಾಗ, ಪುಟದ ಸಂಖ್ಯೆ. ಕಾಮೆಂಟ್ ಬರೆಯಲು ವರ್ಡ್ ಅಥವಾ ಗೂಗಲ್ ಡಾಕ್ಸ್. ಗೂಗಲ್ ಡಾಕ್ಸ್ ಆದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಮಾಡಿ ಕೊಡಿ. ಒಬ್ಬರ ಕಾಮೆಂಟ್ ಇನ್ನೊಬ್ಬರಿಗೆ ಕಂಡರೆ ಎಲ್ಲರೂ ಅದನ್ನೇ ಹೇಳುತ್ತಾರೆ.

ಎಷ್ಟು ಸುತ್ತು ಆದ ಮೇಲೆ ನಿಲ್ಲಿಸಬೇಕು?

ಹೊಸ ಓದುಗರ ಗುರುತುಗಳು ಒಂದು ಕಡೆ ಗುಂಪು ಕಟ್ಟದೆ ಪುಸ್ತಕದ ತುಂಬಾ ಚದುರಿ ಬಿದ್ದಾಗ. ಆಗ ಅವರು ಹೇಳುತ್ತಿರುವುದು ತಮ್ಮ ಅಭಿರುಚಿಯನ್ನು. ಇನ್ನೊಂದು ಸೂಚನೆ ಇದೆ: ಕಳೆದ ಸುತ್ತಿನಲ್ಲಿ ತೆಗೆದದ್ದನ್ನೇ ಈ ಸುತ್ತಿನಲ್ಲಿ ಮತ್ತೆ ಸೇರಿಸಲು ಹೊರಟಿದ್ದೀರಿ. ಎರಡು ಸುತ್ತು, ಹೆಚ್ಚೆಂದರೆ ಮೂರು ಸಾಕಾಗುತ್ತದೆ. ಕಳಿಸಲು ಹೆದರಿಕೆಯಾಗಿ ಇನ್ನೊಬ್ಬ ಓದುಗರನ್ನು ಹುಡುಕುತ್ತಿದ್ದೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಪುಕ್ಕಟೆ ಓದಿ ಕೊಟ್ಟವರಿಗೆ ಪ್ರತಿಯಾಗಿ ಏನು ಕೊಡಲಿ?

ಅವರ ಮಾತಿನಿಂದ ಏನು ಬದಲಾಯಿತು ಅಂತ ಎರಡು ಸಾಲು ಬರೆದು ತಿಳಿಸಿ. ಹೆಚ್ಚಿನವರಿಗೆ ಅದೇ ಬೇಕಿರುತ್ತದೆ. ಮುಂದಿನ ಪುಸ್ತಕಕ್ಕೂ ಅವರು ಓದಲು ಒಪ್ಪುವುದು ಅದರಿಂದಲೇ. ಅವರದ್ದೂ ಒಂದು ಹಸ್ತಪ್ರತಿ ಇದ್ದರೆ ಓದಿ ಕೊಡಿ. ಪುಸ್ತಕ ಬಂದಾಗ ಒಂದು ಪ್ರತಿ ಕಳಿಸಿ. ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕುವ ಮೊದಲು ಮಾತ್ರ ಅವರನ್ನು ಕೇಳಿ. ತಾವು ಪೂರ್ತಿ ಒಪ್ಪದ ಪುಸ್ತಕದಲ್ಲಿ ತಮ್ಮ ಹೆಸರು ಬೇಡ ಅನ್ನುವವರೂ ಇರುತ್ತಾರೆ.